ಮುಂಗಡ ಕಾರ್ಡಿನ ಯೂಸ್ಟೇಸ್

ಅಲ್ಲ, ಬರೀ ಮರಣದ ಕಾರ್ಡು ಮಾಡುವವರು ಅಂದುಬಿಟ್ಟರೆ ಯೂಸ್ಟೇಸ್ ಅವರಿಗೆ ಅನ್ಯಾಯವಾಗುತ್ತದೆ. ಕಂಕನಾಡಿಯ ಅವರ ಅಂಗಡಿಯಲ್ಲಿ ಮದುವೆ ಕಾರ್ಡೂ ಆಗುತ್ತದೆ. ಆದರೆ ಮದುವೆಗೆ ಜನ ಬೇರೆ ಕಡೆ ಹೋದಾರು, ಸತ್ತ ಮೇಲೆ ಮಾತ್ರ ಯೂಸ್ಟೇಸೇ ಬೇಕು. ಯಾಕೆಂದರೆ ಅವರು ಫೋಟೋ ಮುಂಗಡವಾಗಿ ತೆಗೆದುಕೊಳ್ಳುತ್ತಾರೆ!

ಆಧಾರ್ ಕಾರ್ಡಿನ ಮುಖ ಹೊತ್ತು ಊರಿನವರ ಮೊಬೈಲಿನಲ್ಲಿ ಕೊನೆಯ ಸಲ ಕಾಣಿಸಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ ಹೇಳಿ? ಹಾಗಾಗಿ ವಯಸ್ಸಾದವರು ಭಾನುವಾರ ಪೂಜೆ ಮುಗಿಸಿ ನೇರ ಅಂಗಡಿಗೆ ಬಂದು, ತಮ್ಮ ಚಂದದ ಫೋಟೋ ಆರಿಸಿ, ಬಂಧುಗಳ ಹೆಸರು ಯಾವ ಸಾಲಿನಲ್ಲಿ ಬರಬೇಕೆಂದು ಹೇಳಿ ಹೋಗುತ್ತಾರೆ. ಯೂಸ್ಟೇಸ್ ದಿನಾಂಕ, ಸಮಯ ಎರಡನ್ನೂ ಖಾಲಿ ಬಿಟ್ಟು ಕಾರ್ಡು ಮಾಡಿ ಫೋನಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಂಥವು ಇಪ್ಪತ್ಮೂರು ಇದ್ದವು. ಅವಕ್ಕೆ ಬೇರೆ ಫೋಲ್ಡರ್ ಮಾಡಲಿಲ್ಲ. ಮಾಡಿದರೆ ಸಾಯುವುದನ್ನು ಕಾಯುತ್ತಾ ಕೂತ ಹಾಗಾಗುತ್ತದೆಂದು ಅವರಿಗೆ ಮುಜುಗರ. ಯಾರು ಇದ್ದಾರೆ, ಯಾರು ಇಲ್ಲ ಎನ್ನುವ ಲೆಕ್ಕವೆಲ್ಲ ಅವರ ತಲೆಯೊಳಗೇ.

ಅಷ್ಟರಲ್ಲಿ ಹಳೆ ಫೋನು ಕೈಕೊಟ್ಟಿತು. ತಂಗಿಯ ಮಗಳು ಶರೊನ್, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ಹೊಸ ಫೋನು ಹಿಡಿದು ಬಂದಳು.

"ಮಾಮ್, ಇದ್ರಲ್ಲಿ ಎಐ ಏಜೆಂಟ್ ಹಾಕಿದ್ದೇನೆ. ನೀವು ಬಾಯಲ್ಲಿ ಹೇಳಿದ್ರೆ ಸಾಕು, ಹಳೆ ಫೋನಿಂದ ಫೈಲೆಲ್ಲ ಅದೇ ಸಾಗಿಸ್ತದೆ."

"ಏಜೆಂಟಾ? ಕಮಿಷನ್ ಎಷ್ಟಂತೆ?"

"ಮಾಮ್, ತಮಾಷೆ ಬೇಡ. ಹೇಳಿ ನೋಡಿ."

ಯೂಸ್ಟೇಸ್ ಗಂಟಲು ಸರಿಮಾಡಿಕೊಂಡು ಫೋನಿಗೆ ಹೇಳಿದರು: "ಕಾರ್ಡುಗಳನ್ನೆಲ್ಲ ಒಂದೇ ಕಡೆ ಹಾಕು ಮಾರಾಯ."

ಮಾರಾಯ ಹಾಕಿತು. ಎಲ್ಲಿಗೆ? ನಿಜವಾಗಿ ತೀರಿಹೋದವರ ಕಾರ್ಡು ಬೆಳಿಗ್ಗೆ ಎಂಟಕ್ಕೆ ಚರ್ಚಿನ ವಾರ್ಡಿನ ವಾಟ್ಸಾಪ್ ಗುಂಪಿಗೆ ತನ್ನಿಂದ ತಾನೇ ಹೋಗುವ ಫೋಲ್ಡರಿಗೆ! 'ಎಲ್ಲ ಫೈಲುಗಳನ್ನು ಯಶಸ್ವಿಯಾಗಿ ಸಾಗಿಸಲಾಗಿದೆ. ಇನ್ನೇನಾದರೂ ಸಹಾಯ ಬೇಕೇ?' ಎಂದು ವಿನಯದಿಂದ ಕೇಳಿತು ಬೇರೆ.

ಮರುದಿನ ಎಂಟಕ್ಕೆ ಮೊದಲು ಹೋದದ್ದು ಕೊಟ್ಟಾರದ ಮಗ್ದಲೀನ್ ಬಾಯಿಯ ಕಾರ್ಡು. ಎಲ್ಲರೂ ಗೌರವದಿಂದ 'ಬಾಯಿ' ಎನ್ನುವ ಆಕೆಗೆ ಎಪ್ಪತ್ತೆಂಟು ವರ್ಷ, ಗಟ್ಟಿಮುಟ್ಟು. ಯೂಸ್ಟೇಸ್ ನೋಡಿ ಹೌಹಾರಿ, ಎರಡನೆಯದು ಹೋಗದಂತೆ ಏಜೆಂಟನ್ನು ನಿಲ್ಲಿಸುವಷ್ಟರಲ್ಲಿ ಅದರ ಕೆಳಗೆ ಮೂವತ್ತೊಂದು ಆರ್‌ಐಪಿ ಬಿದ್ದಿದ್ದವು. ಮೂವತ್ತೆರಡನೆಯದು, ಎರಡು ಕೈ ಮುಗಿದದ್ದು, ಸಾಕ್ಷಾತ್ ಮಗ್ದಲೀನ್ ಬಾಯಿಯದು! 'ಬಾಯಿ ಬದುಕಿದ್ದಾರೆ, ತಪ್ಪಾಗಿದೆ' ಎಂದು ಯೂಸ್ಟೇಸ್ ಬರೆದರು. ಅದರ ಕೆಳಗೂ ಮೂರು ಆರ್‌ಐಪಿ ಬಂತು.

ಬಾಯಿ ಸಿಟ್ಟಿನಲ್ಲಿ ತನ್ನ ಫೋಟೋ ವಾಪಸ್ ಕೇಳಿದರೆ ಉಳಿದ ಇಪ್ಪತ್ತೆರಡು ಜನರೂ ಕೇಳುತ್ತಾರೆ. ಮುಖ ಕೊಟ್ಟು ನಂಬಿದವರು ಕೈಬಿಟ್ಟರೆ ಯೂಸ್ಟೇಸ್ ಯಾಕೆ, ಅಂಗಡಿ ಯಾಕೆ? ಶಟರ್ ಅರ್ಧಕ್ಕೆ ಎಳೆದು ಇದಿನಬ್ಬನ ರಿಕ್ಷಾ ಹತ್ತಿದರು.

"ಎಂತ ಪೊರ್ಬುಲೆ, ಇಷ್ಟು ಅರ್ಜೆಂಟ್?" ಕ್ರೈಸ್ತರನ್ನು ತುಳುವಿನಲ್ಲಿ ಗೌರವದಿಂದ ಕರೆಯುವ ಹಾಗೆ ಕರೆದು ಕೇಳಿದ ಇದಿನಬ್ಬ.

"ಒಬ್ರು ತೀರಿಹೋದ್ರು ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದೇನೆ. ಅವರು ತೀರಿಹೋಗ್ಲಿಲ್ಲ."

"ಹಾಗಾದ್ರೆ ನಿಧಾನ ಹೋಗುವ. ಒಳ್ಳೆ ಸುದ್ದಿಯೇ ಅಲ್ವಾ?"

ಕೊಟ್ಟಾರದ ಮನೆಯಂಗಳದಲ್ಲಿ ವಾರ್ಡಿನ ಮುಖಂಡ ಆಂಬ್ರೋಸ್ ಆಗಲೇ ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದರು. ತಂದ ಮೇಲೆ ವಾಪಸ್ ಒಯ್ಯುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಬಾಯಿ ಚಾವಡಿಯಲ್ಲಿ ಕೂತು, ಯಾರ್ಯಾರು ಬಂದರೆಂದು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು.

"ಬಾ ಯೂಸ್ಟೇಸ್. ಯಾರಲ್ಲಿ, ನನ್ನನ್ನು ಕೊಂದವನಿಗೆ ಒಂದು ಚಾ ಕೊಡಿ!"

"ಬಾಯಿ, ತಪ್ಪಾಯ್ತು. ಹೊಸ ಫೋನಿನ ಏಜೆಂಟ್ ಮಾಡಿದ ಎಡವಟ್ಟು. ಫೋಟೋ ಬೇಕಾದ್ರೆ ಈಗಲೇ ವಾಪಸ್..."

"ವಾಪಸ್ ಎಂತಕ್ಕೆ? ಮೊದಲು ಇದು ಹೇಳು. ದಿನಾಂಕ ಖಾಲಿ ಉಂಟು ಅಂತ ಒಬ್ರಾದ್ರೂ ನೋಡಿದ್ರಾ?"

"ಇಲ್ಲ ಬಾಯಿ."

"ನಾನೂ ನೋಡ್ಲಿಲ್ಲ. ದಿನಾಂಕ ಬಿಡು, ನನ್ನ ಮುಖವೇ ನೋಡ್ಲಿಲ್ಲ. ಅಭ್ಯಾಸ, ಕೈ ಮುಗಿದುಬಿಟ್ಟೆ." ಬಾಯಿ ಸ್ವರ ತಗ್ಗಿಸಿ ಗದ್ದದಿಂದಲೇ ಮೂಲೆಯತ್ತ ತೋರಿಸಿದರು. "ಅಲ್ಲಿ ನೋಡು, ಯಾರು ಅಂತ."

ಮೂಲೆಯಲ್ಲಿ ಬಾಯಿಯ ಮೈದುನ ರೂಬನ್, ಕಾಂಪೌಂಡಿನ ಜಗಳವಾಗಿ ಒಂಬತ್ತು ವರ್ಷ ಈ ಮನೆಯ ಮೆಟ್ಟಿಲು ಹತ್ತದವರು, ಹೂವಿನ ಚಕ್ರವನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಣ್ಣು ಇನ್ನೂ ಕೆಂಪಗಿತ್ತು.

"ಇಡೀ ವಾರ್ಡಿನಲ್ಲಿ ಮೊದಲು ಬಂದದ್ದು ಅವನೇ," ಅಂದರು ಬಾಯಿ. "ಕಾರ್ಡಿನಲ್ಲಿ ಅವನ ಹೆಸರು ಕೊನೆಗೆ ಹಾಕಿಸಿದ್ದೆನಲ್ಲ? ಒಂದೆರಡು ಸಾಲು ಮೇಲೆ ತಾ. ಜಾಸ್ತಿ ಬೇಡ. ಆದ್ರೆ ನಿನ್ನ ಕೈಯಲ್ಲೇ ಮಾಡ್ಬೇಕು. ಆ ಏಜೆಂಟಿಗೆ ಕೊಟ್ರೆ ನೋಡು, ನಾನು ಬೇರೆ ಅಂಗಡಿಯಲ್ಲಿ ಸಾಯ್ತೇನೆ!"

ಯೂಸ್ಟೇಸ್ ಚಾ ಕುಡಿದರು, ಎರಡು ಲೋಟ. ಒಂದು ಫೋಟೋವೂ ವಾಪಸ್ ಹೋಗಲಿಲ್ಲ. ಬದಲಿಗೆ ವಾರದೊಳಗೆ ನಿವೃತ್ತ ಮೇಷ್ಟ್ರು ಅಲೆಕ್ಸ್ ಬಂದು ಮೆಲ್ಲ ಕೇಳಿದರು, "ಯೂಸ್ಟೇಸ್, ನನ್ನದೂ ಒಮ್ಮೆ ತಪ್ಪಿ ಕಳಿಸು ಮಾರಾಯ. ಯಾರೆಲ್ಲ ಬರ್ತಾರೆ ನೋಡುವ."

"ಯಾರೂ ಬರದಿದ್ರೆ ಮೇಷ್ಟ್ರೇ?"

ಮೇಷ್ಟ್ರು ಫೋಟೋ ಮಾತ್ರ ಬದಲಿಸಿ ಹೋದರು.

ಈಗ ಯೂಸ್ಟೇಸ್ ಕಾರ್ಡುಗಳನ್ನು ಎಲ್ಲಿಗೆ ಸಾಗಿಸುವುದಿದ್ದರೂ ಏಜೆಂಟಿಗೆ ಹೇಳದೆ ಬೆರಳಿನಲ್ಲೇ ಒಂದೊಂದಾಗಿ ಸರಿಸುತ್ತಾರೆ. ಸರಿಸುವ ಮೊದಲು ಆ ಮನೆಗೆ ಫೋನು ಮಾಡಿ "ಹುಷಾರುಂಟಲ್ಲ?" ಎಂದು ಕೇಳಿಕೊಳ್ಳುತ್ತಾರೆ. ಇಪ್ಪತ್ಮೂರು ಕಾರ್ಡಿಗೆ ಇಡೀ ಬೆಳಗ್ಗೆ ಹೋಗುತ್ತದೆ, ಹೋಗಲಿ. ಕಂಕನಾಡಿ ಕಡೆ ಹೋದವರು ಒಮ್ಮೆ ಒಳಗೆ ಹೋಗಿ ಅವರನ್ನು ಮಾತಾಡಿಸಿ ಬನ್ನಿ, ಬದುಕಿರುವ ಗಿರಾಕಿಗಳೆಂದರೆ ಅವರಿಗೆ ಬಹಳ ಪ್ರೀತಿ.