ಮುದುಕನ ಒಪ್ಪತ್ತು

ಕಡೂರಿನ ನಮ್ಮ ಮನೆಯ ಹಜಾರದಲ್ಲಿ ಎರಡೂ ಕಡೆಯ ಹಿರಿಯರು ಕೂತು, ಗಂಡ ಹೆಂಡತಿ ಇನ್ನು ಬೇರೆ ಬೇರೆ ಇರುವುದೇ ಸರಿ ಎಂದು ತೀರ್ಮಾನಿಸಿದ ದಿನ, ಕೊನೆಗೆ ನನ್ನ ಕಡೆ ತಿರುಗಿ ‘ನಿಂಗೇನು ಬೇಕಮ್ಮ?’ ಎಂದು ಕೇಳಿದರು. ಬೀರು ಕೇಳುತ್ತಾಳೆ, ಗ್ರೈಂಡರ್ ಕೇಳುತ್ತಾಳೆ ಅಂದುಕೊಂಡಿದ್ದರೇನೋ. ನಾನು ಹೊಲಿಗೆ ಮಿಷನ್ನು ಮತ್ತು ನಾಯಿ ಎಂದೆ.

ಹಿರಿಯರಲ್ಲೊಬ್ಬರು ನಕ್ಕೇಬಿಟ್ಟರು. ‘ಮುದಿ ನಾಯಿ ಕಣಮ್ಮ ಅದು. ಬದುಕೋಕೆ ಏನಾರ ಕೇಳು.’

‘ಅದನ್ನೇ ಕೇಳ್ತಿರೋದು’ ಎಂದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ನನ್ನ ಗಂಡ ಬಾಗಿಲಿಗೆ ಒರಗಿ ನಿಂತಿದ್ದವರು ಮುಂದೆ ಬಂದರು. ‘ಅವನ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತೆ ಗೊತ್ತೇನೇ ನಿಂಗೆ? ಬೇಕಾದ್ರೆ ನಾನೇ ದುಡ್ಡು ಕಳಿಸ್ತೀನಿ.’ ಬೇಡ ಎಂದೆ. ‘ಸರಿ ಹಾಗಾದ್ರೆ. ಕೈಲಾಗ್ದಿದ್ದಾಗ ತಂದ್ಬಿಡು, ಇಲ್ಲೇ ಇರ್ಲಿ’ ಎಂದರು.

ನಮ್ಮಿಬ್ಬರ ನಡುವೆ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಅವರು ಬರೆದರೆ ಅವರದು ಸರಿ, ನಾನು ಬರೆದರೆ ನನ್ನದು ಸರಿ. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು: ಆ ನಾಯಿಯನ್ನು ಮರಿಯಿದ್ದಾಗ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದವರು ಅವರೇ. ಫಿಟ್ಸ್ ಶುರುವಾದ ಮೇಲೆ ಮಾತ್ರೆ ತರುತ್ತಿದ್ದವರೂ ಅವರೇ. ತಂದಿಟ್ಟದ್ದನ್ನು ಬಾಯಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಮಾತ್ರೆಯ ಬೆಲೆ ನನಗೆ ನಿಜವಾಗಿ ಗೊತ್ತಿರಲಿಲ್ಲ. ‘ಕೈಲಾಗ್ದಿದ್ದಾಗ’ ಅಂದರಲ್ಲ, ಆ ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತುಬಿಟ್ಟಿತು. ಈ ನಾಯಿ ನನ್ನ ದುಡಿಮೆಯಲ್ಲೇ ಬದುಕುತ್ತದೆ, ಕಡೂರಿಗೆ ವಾಪಸು ಹೋಗುವುದಿಲ್ಲ ಎಂದು ಅಲ್ಲೇ ಹಟ ಹಿಡಿದೆ.

ಅಜ್ಜಂಪುರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಸಿಕ್ಕಿತು. ಕಿಟಕಿಯ ಬಳಿ ಮಿಷನ್ನು, ಮಿಷನ್ನಿನ ಕೆಳಗೆ ನಾಯಿ. ಕಡೂರಿನಲ್ಲಿ ಅವನಿಗೊಂದು ಇಂಗ್ಲಿಷ್ ಹೆಸರಿತ್ತು, ಅದನ್ನು ಅಲ್ಲೇ ಬಿಟ್ಟು ಬಂದೆವು. ಯಗಟಿಯಲ್ಲಿ ಅಣ್ಣನ ಜೊತೆಗಿದ್ದ ಅವ್ವ, ನನಗೊಂದಿಷ್ಟು ದಿನ ಆಸರೆಯಾಗಲೆಂದು ರಾಗಿ ಹಿಟ್ಟಿನ ಚೀಲದೊಂದಿಗೆ ಬಸ್ಸಿಳಿದವಳು, ಅವನ ನರೆತ ಮೂತಿ ನೋಡಿ ‘ಏನಪ್ಪಾ ಮುದುಕ’ ಎಂದಳು. ಅವನು ಬಾಲ ಆಡಿಸಿದ. ಅಲ್ಲಿಂದ ಅವನು ಮುದುಕನೇ.

ನಮ್ಮ ಸೀಮೆಯಲ್ಲಿ ಪಶುವೈದ್ಯರೆಂದರೆ ಹಸು, ಎಮ್ಮೆ, ಕುರಿ. ನಾಯಿಯನ್ನು ಮನಸ್ಸಿಟ್ಟು ನೋಡುವ ಡಾಕ್ಟರೊಬ್ಬರು ತರೀಕೆರೆಯಲ್ಲಿದ್ದರು. ಸಾಮಾನು ಹೊರುವ ಆಟೊದಲ್ಲಿ ಮುದುಕನನ್ನು ಕೂರಿಸಿಕೊಂಡು ಹೋದೆ. ಅವರು ಎದೆ, ಕಣ್ಣು ನೋಡಿ, ಹಳೆಯ ಚೀಟಿ ನೋಡಿ, ‘ಬೆಳಿಗ್ಗೆ ಒಂದು, ರಾತ್ರಿ ಒಂದು. ಇರೋವರೆಗೂ ಕೊಡ್ಬೇಕು. ಒಂದು ಹೊತ್ತೂ ತಪ್ಪಿಸ್ಬೇಡಿ’ ಎಂದರು. ಪಕ್ಕದ ಅಂಗಡಿಯಲ್ಲಿ ಮಾತ್ರೆ ಕೊಂಡಾಗ, ಕಡೂರಿನ ಹಜಾರದಲ್ಲಿ ಗಂಡ ‘ಎಷ್ಟಾಗುತ್ತೆ ಗೊತ್ತೇನೇ’ ಎಂದು ಯಾಕೆ ಕೇಳಿದ್ದರೆಂದು ತಿಳಿಯಿತು. ಲೈನಿಂಗ್ ಹಾಕಿದ ರವಿಕೆಗಳನ್ನು ಒಂದು ವಾರ ಹೊಲಿದರೆ ಅವನ ಒಂದು ತಿಂಗಳು ದಾಟುತ್ತಿತ್ತು. ಸರಿ, ಹೊಲಿದರಾಯಿತು.

ಮಾತ್ರೆ ನುಂಗಿಸುವುದು ಇನ್ನೊಂದು ಪಾಡು. ಕಡೂರಿನಲ್ಲಿ ಬಿಸ್ಕತ್ತಿನೊಳಗೆ ಇಟ್ಟು ಕೊಡುತ್ತಿದ್ದೆವು, ಬಿಸ್ಕತ್ತು ತಿಂದು ಮಾತ್ರೆಯನ್ನು ಸೋಫಾದ ಕೆಳಗೆ ಉಗುಳುತ್ತಿದ್ದ, ಹುಡುಕಿ ತೆಗೆದು ಮತ್ತೆ ಬಾಯಿಗೆ ತುರುಕಬೇಕಿತ್ತು. ಅವ್ವ ಬಂದ ಸಂಜೆಯೇ ಅದಕ್ಕೆ ದಾರಿ ಕಂಡುಹಿಡಿದಳು. ನಿಂಬೆಹಣ್ಣಿನಷ್ಟು ಮುದ್ದೆ ಉಂಡೆ ಮಾಡಿ, ನಡುವೆ ಮಾತ್ರೆ ಇಟ್ಟು, ಮಜ್ಜಿಗೆಯಲ್ಲಿ ಅದ್ದಿ ಬಾಯಿಗಿಟ್ಟಳು. ‘ಅಗೀಬ್ಯಾಡ ಕಣೋ, ನುಂಗು’ ಎಂದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಮ್ಮ ಕಡೆ ಮಕ್ಕಳಿಗೆ ಊಟದಲ್ಲಿ ಮೊದಲು ಕಲಿಸುವ ಪಾಠ ಅದು, ನನಗೂ ಅವಳೇ ಕಲಿಸಿದ್ದು. ಹಲ್ಲುದುರಿದ ಮುದುಕನಿಗೆ ಅಗಿಯುವ ಆಸೆಯೂ ಇರಲಿಲ್ಲ. ಗುಳುಂ ಅಂದ.

ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೀರೆಯಿಲ್ಲ, ರವಿಕೆಯಿಲ್ಲ. ಮಿಷನ್ನಿಗೆ ಬಟ್ಟೆ ಹೊದಿಸಿ ಕೂರುವಂತಾಯಿತು. ದೇವರಿಗೆ ಆಷಾಢವಿರಬಹುದು, ಫಿಟ್ಸಿಗೆ ಎಲ್ಲಿಯ ಆಷಾಢ? ಕಂಡವರನ್ನೆಲ್ಲ ಕೆಲಸ ಕೇಳಿದ ಮೇಲೆ, ಅಮೃತಾಪುರದ ಹೆಂಗಸರ ಸಂಘವೊಂದು ಶನಿವಾರ ಶನಿವಾರ ಹೊಲಿಗೆ ಕಲಿಸಲು ಕರೆಯಿತು. ಬೆಳಿಗ್ಗೆ ಬಸ್ಸು ಹತ್ತಿ ತರೀಕೆರೆ, ಅಲ್ಲಿಂದ ಇನ್ನೊಂದು ಬಸ್ಸು. ವಾಪಸು ಬರುವಾಗ ಕೈಗೆ ಬಂದ ದುಡ್ಡಿನಲ್ಲಿ ತರೀಕೆರೆಯಲ್ಲೇ ಮಾತ್ರೆ ಕೊಳ್ಳುತ್ತಿದ್ದೆ. ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅವ್ವ ಇದ್ದಾಳಲ್ಲ, ರಾತ್ರಿಯ ಮಾತ್ರೆ ಅವಳು ನೋಡಿಕೊಳ್ಳುತ್ತಾಳೆ ಎಂದು ನಿಶ್ಚಿಂತೆಯಾಗಿದ್ದೆ.

ಭಾನುವಾರ ಮಧ್ಯಾಹ್ನ ಮುದುಕ ಮಿಷನ್ನಿನ ಕೆಳಗೆ ಬಿದ್ದು ಒದ್ದಾಡಿದ. ಕಾಲು ಸೆಟೆದು, ಬಾಯಲ್ಲಿ ನೊರೆ. ತಲೆ ಪೆಡಲ್ಲಿಗೆ ಬಡಿಯದಂತೆ ನನ್ನ ಸೆರಗು ಸುತ್ತಿ ಕೂತೆ. ಮಾತ್ರೆ ಶುರುವಾದ ಮೇಲೆ ಅವನಿಗೆ ಹೀಗೆ ಆದದ್ದೇ ಇಲ್ಲ. ಮುಂದಿನ ಭಾನುವಾರ ಮತ್ತೆ ಆಯಿತು. ಅವ್ವ ದೇವರ ಗೂಡಿನ ಮುಂದೆ ಕೈ ಮುಗಿದುಕೊಂಡು ನಿಂತಿದ್ದಳು.

ಡಾಕ್ಟರು ‘ಮಾತ್ರೆ ತಪ್ತಿದೆಯಾ?’ ಎಂದು ಕೇಳಿದಾಗ ನನಗೆ ರೇಗಿತು. ‘ಮಾತ್ರೆಗೋಸ್ಕರವೇ ಊರೂರು ತಿರುಗ್ತಿದೀನಿ ಸಾರ್, ತಪ್ಪುತ್ತಾ?’ ಎಂದೆ. ಅವರು ಇನ್ನೊಂದು ಮಾತ್ರೆ ಬರೆದರು. ಮೊದಲನೆಯದಕ್ಕಿಂತ ದುಬಾರಿ.

ಅದೇ ವಾರ ಗಂಡನ ಫೋನು ಬಂತು. ‘ಹೆಂಗಿದಾನೆ?’ ಎಂದರು. ದನಿಯಲ್ಲಿ ಅಕ್ಕರೆಯೇ ಇತ್ತು, ಅದರಿಂದಲೇ ನನಗೆ ಅಳು ಬಂತು. ಅವನನ್ನು ಕರೆದುಕೊಂಡು ಹೋಗಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ‘ಚೆನ್ನಾಗಿದಾನೆ’ ಎಂದು ಫೋನಿಟ್ಟೆ.

ಮರುದಿನ ಯಗಟಿಗೆ ಹೋದೆ. ನಮ್ಮ ಮನೆಗಳಲ್ಲಿ ಕೊಟ್ಟ ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ತೆಂಗಿನ ಮರದ ಫಸಲು ಬಿಡುತ್ತಾರೆ. ಪತ್ರ ಖಾತೆ ಏನೂ ಇಲ್ಲ, ಬಾಯಿಮಾತು. ನನ್ನ ಪಾಲಿನ ಕಾಯಿಗಳನ್ನು ಅಣ್ಣ ಅಟ್ಟಕ್ಕೆ ಹಾಕಿ, ಕೊಬ್ಬರಿಯಾದ ಮೇಲೆ ಮಾರಿ, ವರ್ಷಕ್ಕೊಮ್ಮೆ ಹಬ್ಬಕ್ಕೆ ದುಡ್ಡು ಕೊಡುತ್ತಿದ್ದ. ಗಂಡನ ಮನೆ ಬಿಟ್ಟವಳಿಗೆ ಅರಿಶಿನ ಕುಂಕುಮ ಉಂಟೋ ಇಲ್ಲವೋ ಎಂದು ನಾನಾಗಿ ಕೇಳಿರಲಿಲ್ಲ. ಈಗ ಕೇಳಿದೆ.

‘ನಿನ್ ಪಾಲು ನಿಂದೇ ಕಣೇ, ಯಾರು ಇಲ್ಲ ಅಂದೋರು?’ ಎಂದ ಅಣ್ಣ.

‘ಹಂಗಾದ್ರೆ ಅಟ್ಟಕ್ಕೆ ಹಾಕ್ಬೇಡ. ತಿಂಗಳು ತಿಂಗಳು ಎಳನೀರು ಕೀಳ್ಸಿ ಮಾರ್ಬಿಡು.’

‘ಲೇ, ತಲೆ ಕೆಟ್ಟೈತಾ? ಎಳನೀರಿಗೆ ಕೊಟ್ರೆ ಲಾಸು. ಕೊಬ್ಬರಿ ಆದ್ರೆ ವರ್ಷಕ್ಕೊಂದ್ಸಲ ಕೈ ತುಂಬ ದುಡ್ಡು ಬತ್ತದೆ.’

‘ಫಿಟ್ಸು ವರ್ಷಕ್ಕೊಂದ್ಸಲ ಬರಲ್ಲ ಕಣೋ ಅಣ್ಣ.’

ಅವನು ತಲೆ ಕೆರೆದುಕೊಂಡ. ಅರಿಶಿನ ಕುಂಕುಮದ ದುಡ್ಡು ನಾಯಿಗೆ ಹೋಗುತ್ತದೆಂದು ಊರಿಗೆ ಗೊತ್ತಾದರೆ ಏನೆಂದಾರು ಎಂಬ ಯೋಚನೆ ಅವನ ಮುಖದಲ್ಲೇ ಕಾಣುತ್ತಿತ್ತು. ‘ಅಂದೋರು ಮಾತ್ರೆ ತಂದ್ಕೊಡ್ತಾರಾ ಕೇಳು’ ಎಂದೆ. ಕೊನೆಗೆ ನಕ್ಕು, ‘ಸರಿ, ಮರ ನಿಂದು, ನಾಯಿ ನಿಂದು, ಹಟಾನೂ ನಿಂದೇ’ ಎಂದ. ಅವನು ಆ ತಿಂಗಳೇ ಎಳನೀರು ಕೀಳಿಸಿದ. ಎರಡನೆಯ ಮಾತ್ರೆಯೂ ಮನೆಗೆ ಬಂತು. ಆದರೂ ಭಾನುವಾರದ ಫಿಟ್ಸ್ ಪೂರ್ತಿ ನಿಲ್ಲಲಿಲ್ಲ, ಸ್ವಲ್ಪ ಹಗುರಾಯಿತು ಅಷ್ಟೆ.

ಶ್ರಾವಣದ ಮೊದಲ ಶುಕ್ರವಾರ ಒಬ್ಬಾಕೆ ರವಿಕೆ ತೆಗೆದುಕೊಂಡು ಹೋಗಲು ಬಂದರು. ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಕಡೂರು ಬಿಟ್ಟ ಮೇಲೆ ನಾನು ಸ್ಟಿಕ್ಕರಿನಲ್ಲೇ ಕಾಲ ಕಳೆದಿದ್ದೆ, ಕುಂಕುಮದ ಭರಣಿ ಮುಟ್ಟಿರಲಿಲ್ಲ. ದೇವರ ಗೂಡಿನಿಂದ ಅದನ್ನು ತಂದು ಆಕೆಯ ಮುಂದೆ ಮುಚ್ಚಳ ತೆಗೆದೆ. ಕುಂಕುಮದ ಮೇಲೆ ಮುದುಕನ ಮಾತ್ರೆಗಳು ಕೂತಿದ್ದವು. ಬಿಳಿ ಮಾತ್ರೆಗಳು ಕೆಂಪಗಾಗಿದ್ದವು.

ಆಕೆ ಹೋಗುವವರೆಗೂ ಹೇಗೋ ತಡೆದುಕೊಂಡೆ. ಆಮೇಲೆ ಭರಣಿಯನ್ನು ಅವ್ವನ ಮುಂದೆ ಇಟ್ಟೆ. ‘ಏನವ್ವ ಇದು?’

‘ಮುದುಕನ ಪಾಲು ಕಣವ್ವ’ ಎಂದಳು, ಏನೂ ಆಗದವಳಂತೆ. ‘ನೀನು ಅಷ್ಟು ಕಷ್ಟಪಟ್ಟು ತಂದಿದ್ದು, ಎಸ್ಯಕ್ಕೆ ಮನ್ಸು ಬರ್ಲಿಲ್ಲ.’

ನಮ್ಮವ್ವ ಶನಿವಾರ ಒಪ್ಪತ್ತು. ಹನುಮಪ್ಪನ ಹೆಸರಲ್ಲಿ ಮಧ್ಯಾಹ್ನ ಒಂದೇ ಊಟ, ರಾತ್ರಿಗೆ ಅವಲಕ್ಕಿ, ಹಾಲು. ನಾನು ಹುಟ್ಟುವ ಮೊದಲಿಂದ ನಡೆದು ಬಂದದ್ದು. ಅವಳೀಗ ಮುದುಕನ ಹೆಸರಲ್ಲೂ ಹರಕೆ ಹೊತ್ತಿದ್ದಳು.

‘ಇವ್ನೂ ಶನಿವಾರ ಒಪ್ಪತ್ತು ಇರ್ತಾನೆ, ನನ್ ಮಗಳ ಹತ್ರನೇ ಇರಂಗೆ ಮಾಡಪ್ಪ ಅಂತ ಹನುಮಪ್ಪಂಗೆ ಹೇಳ್ಕಂಡಿದ್ದೆ. ಒಪ್ಪತ್ತು ಅಂದ್ಮೇಲೆ ರಾತ್ರಿ ಮುದ್ದೆ ಹೆಂಗೆ ಕೊಡ್ಲಿ? ಮುದ್ದೆ ಇಲ್ದೆ ಮಾತ್ರೆ ಹೆಂಗೆ ನುಂಗ್ತಾನೆ? ಒಂದೊತ್ತು ತಾನೆ ಅಂದ್ಕಂಡೆ.’

‘ನಾಯಿಗೆ ಎಂಥ ಒಪ್ಪತ್ತು ಅವ್ವ!’ ಎಂದು ಕಿರುಚಿದೆ. ಮುದುಕ ಎದ್ದು ಅಡುಗೆಮನೆಗೆ ಹೋದ. ‘ಅದಕ್ಕೇ ಅವನಿಗೆ ಭಾನುವಾರ ಬರ್ತಿದ್ದಿದ್ದು! ನಾನು ಮಾತ್ರೆ ದುಡ್ಡಿಗೆ ಅಂತ ಅಮೃತಾಪುರಕ್ಕೆ ಹೋದ್ರೆ, ನೀನು ಅದೇ ದಿನ ಮಾತ್ರೆ ತಪ್ಪಿಸ್ತಿದ್ದೆ!’

ಅವ್ವನ ಮುಖ ಕಂದಿತು. ‘ನನ್ನಿಂದಾನ?’ ಎಂದಳು. ಅಷ್ಟೇ. ಭರಣಿ ಎತ್ತಿಕೊಂಡು ದೇವರ ಗೂಡಿನ ಕಡೆ ಹೋದಳು. ಕಡೂರಿನ ಹಜಾರದಲ್ಲಿ ನನ್ನ ಪರವಾಗಿ ಒಂದೂ ಮಾತಾಡದೆ ಮೂಲೆಯಲ್ಲಿ ಕೂತಿದ್ದ ಅವ್ವನ ಮೇಲೆ ನನಗೆ ಒಳಗೊಳಗೇ ಮುನಿಸಿತ್ತು. ಅವಳು ಈ ನಾಯಿ ನನ್ನ ಹತ್ತಿರವೇ ಇರಲೆಂದು ದೇವರ ಹತ್ತಿರ ಚೌಕಾಸಿ ಮಾಡುತ್ತಿದ್ದಳೆಂದು ನನಗೇನು ಗೊತ್ತು?

ದೀಪ ಹಚ್ಚಿದ ಮೇಲೆ ಅವಳಾಗಿಯೇ ಬಂದಳು. ‘ಹರಕೆ ಹೊತ್ತೋಳು ನಾನು. ಅವ್ನ ಒಪ್ಪತ್ತು ನಾನೇ ಇರ್ತೀನಿ.’

‘ಶನಿವಾರ ನೀನು ಇದ್ದೇ ಇರ್ತೀಯಲ್ಲ.’

‘ಅದು ನಂದು. ಅವ್ನದು ಸೋಮವಾರ ಇರ್ತೀನಿ. ಹನುಮಪ್ಪಂಗೆ ಹೇಳ್ಕಂತೀನಿ, ವಾರ ಬದಲಾಯ್ಸಿದ್ಕೆ ಬಡ್ಡಿ ಕೇಳಲ್ಲ ಅವ್ನು.’

ಈ ವಯಸ್ಸಿನಲ್ಲಿ ವಾರಕ್ಕೆರಡು ಒಪ್ಪತ್ತು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಟ ನನಗೆ ಎಲ್ಲಿಂದ ಬಂತೆಂದು ಅಣ್ಣನಿಗೆ ಹೇಳಬೇಕು.

ತರೀಕೆರೆಗೆ ಹೋಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ, ಪುಣ್ಯಾತ್ಮ. ಕೆಲವು ವಾರ ನೋಡಿ, ಮೆಲ್ಲಗೆ ಕಡಿಮೆ ಮಾಡುತ್ತ ಎರಡನೆಯ ಮಾತ್ರೆಯನ್ನು ನಿಲ್ಲಿಸಿದರು. ಉಳಿದದ್ದಕ್ಕೆ ಶ್ರಾವಣದ ರವಿಕೆಗಳಿದ್ದವು, ಯಗಟಿಯ ಎಳನೀರಿತ್ತು. ಅಮೃತಾಪುರವನ್ನೂ ಬಿಡಲಿಲ್ಲ. ಇನ್ನೊಂದು ಆಷಾಢ ಬಂದೇ ಬರುತ್ತದೆ.

ಅಂಥದೊಂದು ಶನಿವಾರ ನಾನು ಫೋನನ್ನು ಚಾರ್ಜಿಗೆ ಹಾಕಿ ಮರೆತು ಹೋಗಿದ್ದೆ. ಬಸ್ಸಿಳಿದು ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಮುದ್ದೆ ಬೆಂದ ವಾಸನೆ. ಮೆಟ್ಟಿಲ ಮೇಲೆಯೇ ನಿಂತೆ. ಅವ್ವ ನೆಲದ ಮೇಲೆ ಕೂತಿದ್ದಳು, ಮುಂದೆ ಮುದುಕ, ಪಕ್ಕದಲ್ಲಿ ಅವಳ ಅವಲಕ್ಕಿಯ ತಟ್ಟೆ ಹಾಗೇ ಇತ್ತು. ಫೋನು ಸ್ಪೀಕರಿನಲ್ಲಿ ನೆಲದ ಮೇಲಿತ್ತು. ನನ್ನ ಗಂಡನ ದನಿ ಕೇಳಿಸಿತು: ‘ಅವಳ ಕೈಲಿ ಆಗ್ತಿಲ್ಲ ಅಂದ್ರೆ ಹೇಳಿ ಅತ್ತೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ.’

ಅವ್ವ ಅಳಿಯನ ಮುಂದೆ ಎಂದೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. ಕೈಯಲ್ಲಿದ್ದ ಉಂಡೆಯನ್ನು ಮಜ್ಜಿಗೆಗೆ ಅದ್ದುತ್ತ, ಮರ್ಯಾದೆಯಿಂದಲೇ ಹೇಳಿದಳು.

‘ಅವ್ಳ ಕೈಲಿ ಆಯ್ತದೆ ಕಣ್ರಪ್ಪ. ಇಲ್ಲೇ ಇರ್ತಾನೆ ಅವ್ನು. ಈಗ ಊಟ ಮಾಡ್ತಾವ್ನೆ, ಆಮೇಲೆ ಫೋನ್ ಮಾಡಿ.’

ಫೋನು ಎತ್ತಿ ಸ್ಪೀಕರಿಗೆ ಹಾಕುವುದಷ್ಟೇ ಅವಳು ಕಲಿತದ್ದು, ಆರಿಸುವುದು ಗೊತ್ತಿಲ್ಲ. ಅದನ್ನು ಬೋರಲು ಹಾಕಿ ಮುದುಕನ ಕಡೆ ತಿರುಗಿದಳು. ‘ಅಗೀಬ್ಯಾಡ ಕಣೋ’ ಎಂದಳು. ‘ನುಂಗು.’

ಅವನು ನುಂಗಿದ.