ಅಕ್ಕನ ಹಾಜರಿ

ಐವತ್ತರ ದಶಕದ ಕೊನೆಯಲ್ಲಿ ನಾನು ಸುಳ್ಯದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಪೇಟೆಯ ಅಂಚಿನಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಭಾವ ನನ್ನ ಅಕ್ಕನನ್ನು ಕರೆತಂದು ಜಗಲಿಯಲ್ಲಿ ಕೂರಿಸಿದರು. ಮಳೆಗಾಲದಲ್ಲಿ ವಾಂತಿಭೇದಿಯಾಗಿ ಅವಳ ಇಬ್ಬರು ಮಕ್ಕಳೂ ಒಂದೇ ವಾರದಲ್ಲಿ ಹೋಗಿದ್ದರು.

"ಒಲೆ ಮುಂದೆ ಕೂತರೆ ಬೆಂಕಿ ಆರಿದ್ದೂ ಗೊತ್ತಾಗುದಿಲ್ಲ ಇವಳಿಗೆ," ಎಂದರು ಭಾವ. "ಸ್ವಲ್ಪ ದಿನ ನಿಮ್ಮ ಹತ್ತಿರ ಇರಲಿ." ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಬಟ್ಟೆಯ ಗಂಟಿನಲ್ಲಿ ಎರಡು ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅಕ್ಕ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೋ ಏನೋ. ಕೂರಿಸಿದಲ್ಲಿ ಕೂರುತ್ತಿದ್ದಳು, ಕರೆದರೆ ಏಳುತ್ತಿದ್ದಳು. ತಲೆಗೂದಲು ಜಡೆಗಟ್ಟಿ ಹೋಗಿತ್ತು. ಎಣ್ಣೆ ಹಚ್ಚಿ ಬಿಡಿಸಲು ನನಗೆ ಎರಡು ಭಾನುವಾರ ಬೇಕಾಯಿತು. ಮಂತ್ರಿಸಿದ ನೂಲು ಕಟ್ಟಿಸಿದ್ದಾಯಿತು, ಹರಕೆ ಹೇಳಿದ್ದಾಯಿತು. ಕೊನೆಗೆ ಬಸ್ಸಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದೆ.

ಅವರು ವಯಸ್ಸಾದವರು, ನಿಧಾನದ ಮಾತು. ಬಹಳ ಹೊತ್ತು ಅಕ್ಕನ ನಾಡಿ ಹಿಡಿದು ನೋಡಿದರು.

"ಇದಕ್ಕೆ ಮದ್ದು ನನ್ನ ಹತ್ತಿರ ಇಲ್ಲ ಟೀಚರೇ. ಆದರೆ ಒಂದು ದಾರಿ ಉಂಟು. ದಿನಾ ಸಣ್ಣ ಸಣ್ಣ ಕೆಲಸ, ಅದೇ ಹೊತ್ತಿಗೆ, ತಪ್ಪದೆ ಮಾಡಿಸಿ. ಬೆಳಕಾಗುವ ಮೊದಲು ಏಳುದು. ತಣ್ಣೀರಲ್ಲಿ ಮುಖ ತೊಳೆಯುದು. ಹೊಳೆವರೆಗೆ ನಡೆದು ಬರುದು. ಮಧ್ಯಾಹ್ನ ಯಾರೊಟ್ಟಿಗಾದರೂ ಕೂತು ಉಣ್ಣುದು. ಕೈಗೆ ಒಂದು ಕೆಲಸ ಇರಲಿ. ಸಂಜೆ, ಇವತ್ತು ಎಂತ ನೋಡಿದೆ ಅಂತ ಒಂದು ಮಾತು ಹೇಳಲಿ. ದೇಹ ಅಭ್ಯಾಸ ಹಿಡಿದರೆ ಮನಸ್ಸು ಹಿಂದಿನಿಂದ ಬರ್ತದೆ."

ನನಗೆ ಜೀವ ಬಂದಂತಾಯಿತು. ಕಲಿಸುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಮನೆಗೆ ಬಂದವಳೇ ಹಳೆಯ ನೋಟುಪುಸ್ತಕ ತೆಗೆದು ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದೆ. ಅಕ್ಕ ಮಾಡಿದ ಪ್ರತಿ ಕೆಲಸಕ್ಕೂ ಒಂದು ಗೀಟು.

ಮುಂಜಾನೆ ಇಬ್ಬರೂ ಪಯಸ್ವಿನಿ ಹೊಳೆಯ ದಡಕ್ಕೆ ಹೋಗುತ್ತಿದ್ದೆವು. ಮಧ್ಯಾಹ್ನ ಅವಳು ಪಕ್ಕದಲ್ಲೇ ಇದ್ದ ಮನೆಯೊಡತಿಯ ಜೊತೆ ಕೂತು ಉಣ್ಣಬೇಕೆಂದು ಏರ್ಪಾಡು ಮಾಡಿದೆ. ತೆಂಗಿನ ಗರಿ ಸೀಳಿ ಕಡ್ಡಿ ತೆಗೆದು ಗುಡಿಸುವ ಹಿಡಿಸೂಡಿ ಕಟ್ಟುವುದು ಅವಳ ಕೈಕೆಲಸ. ನಾನು ಸಂಜೆ ಬರುವಾಗ ಕಡ್ಡಿಗಳ ಒಂದು ಕಟ್ಟು ಸಿದ್ಧವಾಗಿರುತ್ತಿತ್ತು. "ಇವತ್ತು ಎಂತ ನೋಡಿದಿ?" ಎಂದರೆ, "ಒಂದು ಬೆಕ್ಕು ಬಂದಿತ್ತು" ಎನ್ನುತ್ತಿದ್ದಳು. ನಾನು ಗೀಟು ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಹೊಳೆಯಲ್ಲಿ ನೀರುನಾಯಿಯೊಂದು ಮೀನು ಹಿಡಿದು ಬಂಡೆಯ ಮೇಲಿಟ್ಟು, ಅದು ಜಾರಿ ನೀರಿಗೆ ಬಿದ್ದಾಗ ತಬ್ಬಿಬ್ಬಾಗಿ ಸುತ್ತ ನೋಡಿತು. ನಾನು ನಕ್ಕೆ. ಪಕ್ಕದಲ್ಲಿ ಅಕ್ಕನೂ ನಕ್ಕಳು. ಅಷ್ಟು ತಿಂಗಳಲ್ಲಿ ಮೊದಲ ಸಲ. ಅವತ್ತು ಶಾಲೆಯಲ್ಲಿ ಯಾವ ಮಗುವಿಗೂ ಗದರಲಿಲ್ಲ. ಭಾವನಿಗೆ ಕಾರ್ಡು ಬರೆದೆ: ಹುಷಾರಾಗುತ್ತಿದ್ದಾಳೆ, ಬೇಸಗೆಯಲ್ಲಿ ಬಂದು ಕರೆದುಕೊಂಡು ಹೋಗಬಹುದು.

ಆ ಕಾರ್ಡಿಗೆ ಉತ್ತರ ಬರಲಿಲ್ಲ.

ಬೇಸಗೆ ಹತ್ತಿರವಾದಾಗ ಒಂದು ದಿನ ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ಮನೆಗೆ ಬಂದರೆ ಅಕ್ಕ ಜಗಲಿಯಲ್ಲಿ, ನಾನು ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ ಕೂತಿದ್ದಳು. ಬೆನ್ನಿಗೆ ಬಿಸಿಲು ಬಿದ್ದಿತ್ತು, ಸರಿದಿರಲಿಲ್ಲ. ತೆಂಗಿನ ಗರಿ ಹಾಗೇ ಬಿದ್ದಿತ್ತು.

ಮನೆಯೊಡತಿಯನ್ನು ಕೇಳಿದೆ. ಆಕೆ ಮುಖ ತಗ್ಗಿಸಿದಳು. "ಊಟಕ್ಕೆ ಅವರು ಒಂದು ದಿನವೂ ಬರಲಿಲ್ಲ ಟೀಚರೇ. ಕೊಂಡುಹೋಗಿ ಕೊಟ್ಟರೆ ಬಾಳೆಬುಡಕ್ಕೆ ಸುರೀತಾರೆ. ಕಡ್ಡಿ ನಾನೇ ತೆಗೆದು ಇಡುದು. ನಿಮಗೆ ಹೇಳಬೇಡಿ ಅಂತ ಕೈ ಮುಗಿದರು."

ಜಗಲಿಗೆ ಬಂದು ಅಕ್ಕನ ಎದುರು ಕೂತೆ.

"ಯಾಕೆ ಅಕ್ಕ?"

"ಆ ಪುಸ್ತಕದಲ್ಲಿ ಖಾಲಿ ಬಿಟ್ಟರೆ ನಿನಗೆ ಬೇಜಾರಾಗ್ತದೆ. ನೀ ಗೀಟು ಹಾಕುವಾಗ ಖುಷಿಯಲ್ಲಿ ಇರ್ತಿ."

"ನೀರುನಾಯಿ ನೋಡಿ ನಗಾಡಿದ್ದಿ ಅಲ್ವಾ?"

ಅವಳು ನೆನಪಿಸಿಕೊಳ್ಳಲು ನೋಡಿದಳು. "ಯಾವ ನೀರುನಾಯಿ? ನೀ ನಗಾಡಿದಿ ಅಂತ ನಾನೂ ನಗಾಡಿದೆ."

ಇಷ್ಟು ದಿನ ನಾನು ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಅವಳೇ, ಉಳಿದಿದ್ದ ಒಂದಿಷ್ಟು ತ್ರಾಣವನ್ನು ಕೂಡಿಟ್ಟು ದಿನಾ ಸಂಜೆ ನನ್ನನ್ನು ಸಮಾಧಾನ ಮಾಡುತ್ತಿದ್ದಳು.

"ನಿನಗೆ ಎಂತ ಬೇಕು, ಹೇಳು," ಎಂದೆ.

"ನನ್ನನ್ನು ಸುಮ್ಮನೆ ಕೂರಲಿಕ್ಕೆ ಬಿಡು ಮಾರಾಯ್ತಿ."

ಮರುವಾರ ನಾನೊಬ್ಬಳೇ ಪುತ್ತೂರಿಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇರೆಯವರ ಹಟದಿಂದ ಅಭ್ಯಾಸ ಬೇರು ಹಿಡಿಯುದಿಲ್ಲ. ಇದನ್ನು ಅವತ್ತೇ ಹೇಳಬೇಕಿತ್ತು ನಾನು. ಹೇಳಿದ್ದರೆ ನಿಮಗೆ ಮನೆಗೆ ಹೋಗುವ ಬಸ್ಸು ಹತ್ತಲಿಕ್ಕೂ ಧೈರ್ಯ ಇರ್ತಿರಲಿಲ್ಲ." ಫೀಸು ತೆಗೆದುಕೊಳ್ಳಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

ಆಮೇಲೆ ಗೀಟು ಹಾಕುವುದನ್ನು ಬಿಟ್ಟೆ. ಶಾಲೆಯಿಂದ ಬಂದು ಅವಳ ಪಕ್ಕ ಜಗಲಿಯಲ್ಲಿ ಕೂರುತ್ತಿದ್ದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಕೆಲವೊಮ್ಮೆ ಅವಳ ಭುಜ ನನ್ನ ಭುಜಕ್ಕೆ ಒರಗುತ್ತಿತ್ತು. ಆ ಕೆಲವು ವಾರಗಳಲ್ಲಿ ಅವಳು ಗಂಜಿ ತುಸು ಹೆಚ್ಚು ಕುಡಿದಳೆಂದು ನನ್ನ ನೆನಪು. ಅದೂ ನಾನು ಕಟ್ಟಿಕೊಂಡದ್ದಿರಬಹುದು.

ಬೇಸಗೆ ರಜೆ ಕಳೆದು ಶಾಲೆ ಶುರುವಾಗುವಾಗ ನನಗೆ ಕಡಬಕ್ಕೆ ವರ್ಗವಾಯಿತು. ಅಲ್ಲಿ ನನಗೆ ಸಿಕ್ಕಿದ್ದು ಇನ್ನೊಬ್ಬ ಟೀಚರ ಮನೆಯ ಒಂದು ಮೂಲೆ, ಅಷ್ಟೆ. ಭಾವ ಬರಲೇ ಇಲ್ಲ. ಅಜ್ಜಾವರದ ನಮ್ಮ ತವರಿನಿಂದ ಅಣ್ಣ ಬಂದು ಅಕ್ಕನನ್ನು ಕರೆದುಕೊಂಡು ಹೋದ. ಹೊರಡುವಾಗ ಅವಳು ತಿರುಗಿ ನೋಡಲಿಲ್ಲ. ನನಗೂ, ಹೇಳಿದರೆ ಪಾಪ, ಸ್ವಲ್ಪ ಹಗುರವೆನಿಸಿತು.

ಆಟಿ ತಿಂಗಳ, ಅಂದರೆ ಆಷಾಢದ, ಮಳೆಗೆ ದಾರಿಯ ಉಪ್ಪಿನಂಗಡಿಯಲ್ಲಿ ನೀರು ಏರಿ ಬಸ್ಸು ನಿಂತಿತ್ತು. ಅಣ್ಣನ ಕಾಗದ ನನ್ನ ಕೈಸೇರುವಾಗ ಅಕ್ಕ ಹೋಗಿ, ಎಲ್ಲ ಮುಗಿದು ನಾಲ್ಕು ದಿನವಾಗಿತ್ತು. ನೀರು ಇಳಿದ ಮೇಲೆ ಹೋದೆ. ಅತ್ತಿಗೆ ಬಾಗಿಲಲ್ಲೇ ನನ್ನ ಕೈ ಹಿಡಿದು ಅತ್ತಳು. "ಜ್ವರ ಬಂದದ್ದು ಹೇಳಲೇ ಇಲ್ಲ. ಮುಟ್ಟಿ ನೋಡುವಾಗ ಮೈ ಕೆಂಡ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, 'ನಿಮಗೆ ನಾಟಿ ಕೆಲಸ ಉಂಟಲ್ಲ' ಅಂದಳು."

ಒಂದು ದಿನ ಅಲ್ಲಿದ್ದೆ. ಅತ್ತಿಗೆ ಕುಚ್ಚಲಕ್ಕಿ ಗಂಜಿ ಬಡಿಸಿದಳು, ಉಂಡೆ. ಹಸಿವಾಗಿತ್ತು.