ಚಾಂದಿಯನ್ನು ಹಿಡಿದು ನಿಂತವಳು

ಅವರ ಎಡಗಿವಿ ಅರ್ಧವೇ ಇತ್ತು. ಮೇಲಿನ ಅರ್ಧವನ್ನು ಅವರ ಹರೆಯದಲ್ಲಿ ಮೊದಲ ಕುದುರೆ ಕಚ್ಚಿ ಕಿತ್ತುಕೊಂಡಿತ್ತು. ಉಳಿದದ್ದು ಒಣಗಿದ ಹುಣಸೆ ಸಿಪ್ಪೆಯಂತೆ ಸುರುಟಿಕೊಂಡು ಕಪ್ಪಗಿತ್ತು. ಟಾಂಗಾದಲ್ಲಿ ಹಿಂದೆ ಕೂತ ಟೂರಿಸ್ಟ್ ಮಕ್ಕಳು ಊರು ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದವು. ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು: "ಓಡ್ಲಿಲ್ಲ ಅಂತ ಮೊಕದ ಮ್ಯಾಕೆ ಒಡ್ದೆ. ಮೂರ್ ದಿನ ಸುಮ್ಕಿತ್ತು. ನಾಕ್ನೇ ದಿನ ಉಲ್ಲಾಕಕ್ಕೆ ಬಗ್ಗಿದಾಗ ಕಿತ್ಕೊಂತು. ಸರಿಯಾಗೇ ಮಾಡ್ತು ಬುಡಿ."

ಶ್ರೀರಂಗಪಟ್ಟಣದಲ್ಲಿ ಎಲ್ಲರಿಗೂ ಅವರು ಟಾಂಗಾ ಚಾಚಾ. ದರಿಯಾ ದೌಲತ್ ಗೇಟಿನ ಪಕ್ಕದ ಹೊಂಗೆ ಮರದ ಒಂದು ಬದಿಗೆ ಅವರ ಗಾಡಿ, ಇನ್ನೊಂದು ಬದಿಗೆ ನನ್ನ ಸೌತೆಕಾಯಿ ಬುಟ್ಟಿ. ನಾಗಮಂಗಲದ ಗಂಡನ ಮನೆಯಲ್ಲಿ ಏಳು ವರ್ಷ ಒದೆ ತಿಂದು ಅರಕೆರೆಯ ತವರಿಗೆ ಬಂದು ಬಿದ್ದವಳು ನಾನು. ಅತ್ತಿಗೆ ಮುಖ ಸಿಂಡರಿಸುವ ಮೊದಲೇ ಎದ್ದು ಬೆಳಗಿನ ಬಸ್ಸು ಹತ್ತಿಬಿಡುತ್ತಿದ್ದೆ.

ಅವರ ಕುದುರೆ ಚಾಂದಿ, ರೇಸಿಗೆ ಬೇಡವಾಗಿ ಹೊರಬಿದ್ದ ಬೂದು ಬಣ್ಣದ ಹೆಣ್ಣು. ಯಾವ ಪಾಪಿ ಹೇಗೆ ಹೊಡೆದಿದ್ದನೋ, ಪಕ್ಕದಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಗಾಡಿ ಸಮೇತ ಹಿಂದಕ್ಕೆ ಹಾರುತ್ತಿದ್ದಳು. ನಾನು ಅಂಗಡಿ ಇಟ್ಟ ಮೊದಲ ವಾರ ಚಾಚಾ ಗಾಡಿಯ ಮೇಲಿಂದ ಏನೋ ತೆಗೆಯಲು ಕೈ ಎತ್ತಿದರು. ಚಾಂದಿ ಹಿಂದಕ್ಕೆ ಹಾರಿದಳು. ನಾನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಕ್ಕರಿಸಿದೆ. ಬುಟ್ಟಿ ಉರುಳಿ ಸೌತೆಕಾಯಿಗಳೆಲ್ಲ ರಸ್ತೆ ಪಾಲಾದವು. ಚಾಚಾ ಆಟೋದವರನ್ನೆಲ್ಲ ಕೂಗಿ ತೋರಿಸಿದರು. "ನೋಡ್ರಲೇ, ಇಬ್ರುದೂ ಒಂದೇ ಕಾಯ್ಲೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನ್ನ ಬಾಯಿಗೆ ಮಣ್ಣು ಹಾಕ ಎಂದು ಮನಸಾರೆ ಬೈದೆ. ಅವರಿಗೆ ಅದರಿಂದ ಏನೂ ಆಗಲಿಲ್ಲ. ಮರುದಿನ ಬಂದು ಲಗಾಮನ್ನು ನನ್ನ ಕೈಗೆ ತುರುಕಿ, "ಟೀ ಕುಡ್ದು ಬತ್ತೀನಿ, ಇಡ್ಕೊಂಡಿರು" ಎಂದು ನಡೆದೇಬಿಟ್ಟರು. ನಾನು ನಡುಗಿದೆ, ಚಾಂದಿಯೂ ನಡುಗಿದಳು. ಅವಳ ಗೊರಸು ನನ್ನ ಕಾಲಿನ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಕಿತ್ತುಬಂತು. ಚಾಚಾ ವಾಪಸ್ಸು ಬಂದು ರಕ್ತ ನೋಡಿ, "ಕಾಲ್ನ ಅಲ್ಲಿ ಮಡಗ್ದೋಳು ನೀನು ತಾನೆ?" ಎಂದರು.

ಅವರ ಪಾಠವೆಲ್ಲ ಇದೇ ರೀತಿ. ಒಂದು ಒಳ್ಳೆಯ ಮಾತು ಬಾಯಿಂದ ಉದುರಿದರೆ ಕೇಳಿ! ನಾನು ಚಾಂದಿಯ ಕುತ್ತಿಗೆ ಸವರಿ ಮುದ್ದು ಮಾಡಲು ಹೋದರೆ ಗದರುತ್ತಿದ್ದರು. "ಪಿರೂತಿ ಗಿರೂತಿ ಯಾವನಿಗ್ ಬೇಕು? ನೀನು ಏನ್ ಮಾಡ್ತೀಯ ಅಂತ ಅವ್ಳಿಗೆ ಮುಂಚೇನೇ ಗೊತ್ತಾಗ್ಬೇಕು. ಇವತ್ತೊಂತರ ನಾಳೆ ಒಂತರ ಇರೋರ್ನ ಕುದ್ರೆ ನಂಬಾಕಿಲ್ಲ." ಹೆದರಿಕೆಗೆ ನಾನು ಉಸಿರು ಕಟ್ಟಿದ್ದು ಅವರಿಗೆ ದೂರದಿಂದಲೇ ತಿಳಿಯುತ್ತಿತ್ತು. "ನಿನ್ ಮೈ ಬೆದರ್ದ್ರೆ ಅವ್ಳ ಮೈಯೂ ಬೆದರ್ತದೆ. ಉಸ್ರು ಬುಡು ಮೊದ್ಲು!" ದಿನಾ ಒಂದೇ ಹೊತ್ತಿಗೆ ಹೋಗಿ, ದಿನಾ ಒಂದೇ ಬದಿಯಲ್ಲಿ ನಿಂತು, ದಿನಾ ಒಂದೇ ರೀತಿ ಮುಟ್ಟಿದೆ. ಆರು ತಿಂಗಳಾದ ಮೇಲೆ ಒಂದು ದಿನ ಅವಳು ತಾನಾಗಿಯೇ ಗದ್ದವನ್ನು ನನ್ನ ಭುಜದ ಮೇಲೆ ಇಟ್ಟಳು. ನನಗೆ ಅಳು ಬಂತು. ಚಾಚಾ ಕ್ಯಾಕರಿಸಿ ಉಗಿದು ಆಚೆ ಹೋದರು.

ಆ ಬೇಸಿಗೆಯಲ್ಲಿ ಗಂಡ ಹುಡುಕಿಕೊಂಡು ಬಂದ. ನಾನು ಲಗಾಮು ಹಿಡಿದು ನಿಂತಿದ್ದೆ, ಗಾಡಿಯಲ್ಲಿ ಯಾರದೋ ಮೂರು ಮಕ್ಕಳು ಕೂತಿದ್ದವು. "ಬತ್ತೀಯೋ ಇಲ್ವೋ, ಬೋಸುಡಿ" ಎಂದು ಕೈ ಎತ್ತಿದ. ನಾನು ಬೆದರಿದರೆ ಚಾಂದಿ ಹಾರುತ್ತಾಳೆ, ಮಕ್ಕಳು ಬೀಳುತ್ತವೆ. ಉಸಿರು ಬಿಟ್ಟೆ. ಅವನ ಕೈಯನ್ನೇ ನೋಡುತ್ತ ನಿಂತೆ. ಚಾಂದಿಯ ಕಿವಿ ಕೂಡ ಅಲುಗಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ಅವನಿಗೇ ತಿಳಿಯದೆ, ತಲೆ ಕೆರೆದುಕೊಂಡು, ಅಮ್ಮ ಅಕ್ಕ ಅಂತೆಲ್ಲ ಬೈದು ಬಸ್‌ಸ್ಟ್ಯಾಂಡಿನ ಕಡೆ ಹೋದ. ಎಲ್ಲವನ್ನೂ ನೋಡುತ್ತ ಮರಕ್ಕೆ ಒರಗಿದ್ದ ಚಾಚಾ ಅಂದು ಒಂದೇ ಒಂದು ಸಲ "ಶಾಬಾಶ್ ಬೇಟಿ" ಎಂದರು. ನನಗೆ ಕೊಂಬು ಮೂಡಿದ್ದು ಅಲ್ಲಿಂದಲೇ.

ಮಳೆಗಾಲ ಮುಗಿಯುವಾಗ ದನದ ಡಾಕ್ಟರು ಕುದುರೆಗಳ ರಕ್ತ ತೆಗೆಯಲು ಬಂದರು. ಗ್ಲ್ಯಾಂಡರ್ಸ್ ಅಂತ ಒಂದು ಕಾಯಿಲೆಯಂತೆ, ಮನುಷ್ಯರಿಗೂ ಹರಡುತ್ತದಂತೆ, ಬಂದ ಕುದುರೆಯನ್ನು ಕೊಲ್ಲದೆ ಬೇರೆ ದಾರಿ ಇಲ್ಲವಂತೆ. ಸುದ್ದಿ ಕೇಳಿದ್ದೇ ತಡ, ಬೇರೆ ಟಾಂಗಾದವರು ತಮ್ಮ ಕುದುರೆಗಳನ್ನು ಪಾಂಡವಪುರ, ಕೆ.ಆರ್. ಪೇಟೆ ಕಡೆಯ ನೆಂಟರ ಮನೆಗೆ ದಾಟಿಸಿದ್ದರು. ಚಾಚಾ ಜಂಬದವರು. "ನನ್ ಕುದ್ರೆಗೆ ಏನಾಗೈತೆ?" ಎಂದು ಅಲ್ಲೇ ಇಟ್ಟುಕೊಂಡಿದ್ದರು. ಚಾಂದಿಯ ಮೂಗು ಸೋರುತ್ತಿತ್ತು. ಥಂಡಿ ಎಂದುಕೊಂಡಿದ್ದೆವು.

ಸೂಜಿ ಕಂಡ ಚಾಂದಿ ಕುಣಿದಾಡಿದಳು. ಒಬ್ಬನಿಗೆ ಒದ್ದಳು. ಡಾಕ್ಟರು ಬೆವರು ಒರೆಸಿಕೊಂಡು, "ಇದನ್ನ ಬುಟ್ಬುಡ್ರಪ್ಪ, ಆಗಾಕಿಲ್ಲ" ಎಂದು ಪೆಟ್ಟಿಗೆ ಮುಚ್ಚಿದರು. ಅಷ್ಟಕ್ಕೆ ನಾನು ಸುಮ್ಮನಿರಬಾರದಿತ್ತೆ? ಸೌತೆಕಾಯಿ ಚಾಕು ಕೆಳಗಿಟ್ಟು, "ನಾನ್ ಇಡ್ಕೋತೀನಿ ಬನ್ನಿ ಸಾರ್" ಎಂದು ಮುಂದೆ ಹೋದೆ. ಇಡೀ ರಸ್ತೆ ನೋಡಲಿ ಎನ್ನುವ ಆಸೆ ನನಗೆ. ಚಾಂದಿ ನನ್ನ ಭುಜಕ್ಕೆ ಗದ್ದ ಇಟ್ಟು ಕಲ್ಲಿನಂತೆ ನಿಂತಳು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಚಾಚಾ ಡಾಕ್ಟರ ಕಡೆ ತಿರುಗಿ, "ನಾನೇ ಕಲಿಸಿದ್ದು ಸಾ" ಎಂದರು.

ಕಾಯಿಲೆ ಇದೆ ಎಂದು ರಿಪೋರ್ಟು ಬಂತು. ಇನ್ನೊಮ್ಮೆ ರಕ್ತ ತೆಗೆದು ನೋಡಿದರೂ ಅದೇ ಬಂತು. ಊರಾಚೆ ನಾಲೆಯ ಪಕ್ಕದ ಬಯಲಲ್ಲಿ ಜೆಸಿಬಿ ಗುಂಡಿ ತೋಡಿತು, ಸುಣ್ಣದ ಮೂಟೆಗಳು ಬಂದವು. ಮೈತುಂಬ ಬಿಳಿ ಬಟ್ಟೆ ತೊಟ್ಟವರನ್ನು ಕಂಡು ಚಾಂದಿ ಹಿಂಗಾಲ ಮೇಲೆ ಎದ್ದಳು. ಹಗ್ಗ ಹಿಡಿಯಲು ಯಾರಿಂದಲೂ ಆಗಲಿಲ್ಲ. ನೆಲದ ಮೇಲೆ ಕೂತಿದ್ದ ಚಾಚಾ ತಲೆ ಎತ್ತಿ ನನ್ನನ್ನು ನೋಡಿದರು.

"ರಕ್ತಕ್ಕೆ ಇಡ್ಕೊಂಡೋಳು ನೀನು. ಇದ್ಕೂ ನೀನೇ ಇಡ್ಕೊ."

"ಚಾಚಾ, ನನ್ ಕೈಲಾಗಲ್ಲ. ನಿಮ್ ಕಾಲಿಗ್ ಬೀಳ್ತೀನಿ."

"ಅವ್ಳು ಬೆದರ್ಕೊಂಡು ಸಾಯ್ಬೇಕಾ? ಓಗು."

ಹೋದೆ. ಕೈಗೆ ಗ್ಲೌಸು, ಬಾಯಿಗೆ ಮಾಸ್ಕು ಹಾಕಿದರು. ದಿನಾ ನಿಲ್ಲುವ ಬದಿಯಲ್ಲೇ ನಿಂತೆ, ದಿನಾ ಮುಟ್ಟುವ ಹಾಗೇ ಮುಟ್ಟಿದೆ, ಉಸಿರು ಬಿಟ್ಟೆ. ಅವಳ ನಡುಕ ನಿಂತಿತು. ಗದ್ದ ಭುಜಕ್ಕೆ ಬಂತು. ಮೊದಲ ಸೂಜಿಗೆ ಆ ಗದ್ದ ಭಾರವಾಯಿತು. ಎರಡನೆಯದಕ್ಕೆ ಮೊಣಕಾಲು ಬಗ್ಗಿದವು. ಕೊನೆಯವರೆಗೂ ಅವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಬಂದಿದ್ದರೆ, ಒಂದು ಸಲ ಒದ್ದಿದ್ದರೆ, ನನಗೆ ಎಷ್ಟೋ ಹಗುರಾಗುತ್ತಿತ್ತು.

ಚಾಚಾನದೂ ನನ್ನದೂ ರಕ್ತ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಮೊದಲು ಆ ಮುದುಕರಿಗೇ ಅಂಟುತ್ತಿತ್ತು ಎಂದರು ಡಾಕ್ಟರು. ಅದನ್ನು ಹೇಳಿ ಸಮಾಧಾನ ಮಾಡೋಣವೆಂದು ಚಾಚಾನ ಮನೆಗೆ ಓಡಿದೆ. ಜಗಲಿಯ ಮೇಲೆ ಕೂತಿದ್ದರು. "ಚಾಚಾ, ನಿಮ್ ಜೀವ ಉಳೀತಂತೆ" ಎಂದೆ.

"ಯಾರ್ ಕೇಳಿದ್ರು?" ಎಂದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದೇ. ಆಮೇಲೆ ನಾಲ್ಕು ಸಲ ಹೋದೆ, ನಾಲ್ಕು ಸಲವೂ ಎದ್ದು ಒಳಗೆ ಹೋದರು.

ನಡುವೆ, ಗಂಡ ಬಂದುಹೋದ ಮೇಲೆ ನಾನು ಹಾಕಿದ್ದ ಡೈವೋರ್ಸ್ ಕೇಸು ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಗಂಡನ ಕಡೆಯ ಲಾಯರು ಕೇಳಬಾರದ್ದೆಲ್ಲ ಕೇಳಿದ. ಉಸಿರು ಬಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಟ್ಟೆ. ಗೆದ್ದೆ. ಈ ಎದೆಗಾರಿಕೆ ಚಾಚಾ ಕೊಟ್ಟದ್ದು, ಇದೇ ಎದೆಗಾರಿಕೆ ಅವರ ಕುದುರೆಯನ್ನು ತಿಂದದ್ದು. ಇದನ್ನು ಯಾರ ಬಳಿ ಹೇಳಿಕೊಳ್ಳಲಿ?

ಚಳಿಗಾಲ ಕಳೆಯುವ ಮೊದಲೇ ಅವರು ಹೋದರು. ಸುದ್ದಿ ತಿಳಿದು ಬುಟ್ಟಿಯನ್ನು ಇದ್ದಲ್ಲೇ ಬಿಟ್ಟು ಓಡಿದೆ. ಬಾಗಿಲಲ್ಲಿ ಅವರ ಮಗ ತಡೆದ. ಪಾಪ, ಅವನಿಗೂ ಕಷ್ಟ. "ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಬಂದ್ರೆ ಒಳೀಕೆ ಬುಡ್ಬೇಡ ಅಂತ ಅಬ್ಬಾ ಏಳವ್ರೆ."

ಆಯ್ತಪ್ಪ ಎಂದು ಎದುರಿನ ಗೋಡೆ ಪಕ್ಕ ಬಿಸಿಲಲ್ಲಿ ನಿಂತೆ. ಗಂಡಸರು ಹೆಣ ಹೊತ್ತು ಹೊರಗೆ ಬಂದರು. ಅದು ನನ್ನ ಮುಂದೆಯೇ, ಕೈಗೆಟುಕುವಷ್ಟು ಹತ್ತಿರದಲ್ಲೇ ಸಾಗಿತು. ನಾನು ಅಲುಗಲಿಲ್ಲ. ಬೈಯುವುದಿದ್ದರೆ ಎದ್ದು ಬೈಯಲಿ ಎಂದು ಕಾದೆ.